ಒಂದು ತಾಸು ಎಲ್ಲಿ ಹೋಯಿತು?

ಹುಮನಾಬಾದ್–ಬಸವಕಲ್ಯಾಣ ಸೀಮೆಯ ಹುಡಗಿಯಲ್ಲಿ ಕುಳಿತ ವಿದ್ಯಾರ್ಥಿಯೊಬ್ಬ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದಾನೆ ಎಂದು ಇಟ್ಟುಕೊಳ್ಳಿ. ನ್ಯೂಯಾರ್ಕಿನ ಪ್ರಾಧ್ಯಾಪಕರೊಬ್ಬರು ಮಾರ್ಚ್ ತಿಂಗಳ ಒಂದು ಸೋಮವಾರ, ತಮ್ಮ ಬೆಳಗಿನ 9 ಗಂಟೆಗೆ, ಕಂಪ್ಯೂಟರ್ ಪರದೆಯ ಮೇಲೆ ಅವನನ್ನು ಮಾತನಾಡಿಸುವುದಾಗಿ ಫೆಬ್ರುವರಿಯಲ್ಲೇ ಬರೆದಿದ್ದಾರೆ. ಹುಡುಗ ಲೆಕ್ಕದಲ್ಲಿ ಚುರುಕು. ನ್ಯೂಯಾರ್ಕಿಗೂ ನಮಗೂ 10 ತಾಸು 30 ನಿಮಿಷದ ಅಂತರ, ಅಂದರೆ ನಮ್ಮ ಸಂಜೆ 7.30 ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟಿವಿ ಸದ್ದು ಕಡಿಮೆ ಮಾಡೆಂದು ಅವ್ವನಿಗೆ ಹೇಳಿ, 7.20ಕ್ಕೇ ಕುರ್ಚಿಯಲ್ಲಿ ಕುಳಿತರೆ ಪರದೆಯ ಮೇಲೆ ಯಾರೂ ಇಲ್ಲ. ಇಮೇಲ್ ತೆರೆದರೆ 'ನಿಮಗಾಗಿ ಕಾದೆ, ನೀವು ಬರಲಿಲ್ಲ' ಎಂಬ ಒಕ್ಕಣೆ!

ತಪ್ಪು ಯಾರದು? ಹುಡುಗನ ಲೆಕ್ಕ ಫೆಬ್ರುವರಿಗೆ ಪೂರ್ತಿ ಸರಿ. ಪ್ರಾಧ್ಯಾಪಕರ ಗಡಿಯಾರವೂ ಸರಿ. ನಡುವೆ ಬಂದ ಭಾನುವಾರದ ನಸುಕಿನಲ್ಲಿ ಅಮೆರಿಕದವರು ತಮ್ಮ ಗಡಿಯಾರಗಳನ್ನು ಒಂದು ತಾಸು ಮುಂದಕ್ಕೆ ತಿರುಗಿಸಿಕೊಂಡಿದ್ದರು, ಅಷ್ಟೆ. ಸೋಮವಾರ ಅಲ್ಲಿ 9 ಹೊಡೆದಾಗ ನಮ್ಮಲ್ಲಿ ಇನ್ನೂ 6.30. ಅಂತರ 9 ತಾಸು 30 ನಿಮಿಷಕ್ಕೆ ಇಳಿದಿತ್ತು.

ಈ ಏರ್ಪಾಡಿಗೆ ಡೇಲೈಟ್ ಸೇವಿಂಗ್ ಟೈಮ್ ಎನ್ನುತ್ತಾರೆ. ಕನ್ನಡದಲ್ಲಿ 'ಬೇಸಿಗೆ ಸಮಯ' ಎಂದರೆ ಸಾಕು. ಭಾರತದಲ್ಲಿ ಇದು ಇಲ್ಲ ಎಂಬ ಒಂದು ಸಾಲಿನಲ್ಲಿ ಶಾಲೆಯ ಪಾಠ ಮುಗಿದುಹೋಗುತ್ತದೆ. ಆದರೆ ಕಂಪ್ಯೂಟರ್ ಹಾಗೂ ಮೊಬೈಲ್ ಮೂಲಕ ಅದು ವರ್ಷಕ್ಕೆ ಎರಡು ಸಲ ನಮ್ಮ ಮನೆಯ ಪಡಸಾಲೆಗೂ ಬಂದು ಹೋಗುತ್ತದೆ. ಬಂದಾಗ ಗುರುತು ಹಿಡಿಯುವುದು ಹೇಗೆ, ಗಡಿಯಾರ ಕೆಟ್ಟರೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಇಂದಿನ ವಿದ್ಯಾರ್ಥಿಗೆ ತಿಳಿದಿರಬೇಕಾದ ವಿದ್ಯೆ.

ಹಗಲು ಉಳಿಸುವ ಲೆಕ್ಕ

ಲಂಡನ್ ನಗರದಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 16 ತಾಸು 38 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು 8 ತಾಸಿಗೂ ಕಡಿಮೆ. ಬೇಸಿಗೆಯಲ್ಲಿ ನಸುಕಿನ 4ಕ್ಕೇ ಬೆಳಕು ಹರಿದರೆ ಮಲಗಿದವರಿಗೆ ಅದರಿಂದ ಏನು ಪ್ರಯೋಜನ? ಗಡಿಯಾರವನ್ನೇ ಒಂದು ತಾಸು ಮುಂದಿಟ್ಟರೆ ಜನ ಬೇಗ ಏಳುತ್ತಾರೆ, ಸಂಜೆಯ ದೀಪದ ಖರ್ಚು ಉಳಿಯುತ್ತದೆ ಎಂಬುದು ಇದರ ಹಿಂದಿನ ತರ್ಕ. ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್ 1895ರಲ್ಲಿ, ಇಂಗ್ಲೆಂಡಿನ ವಿಲಿಯಂ ವಿಲೆಟ್ 1907ರಲ್ಲಿ ಇದನ್ನು ಸೂಚಿಸಿದರು. ಹಡ್ಸನ್‌ಗೆ ಸಂಜೆ ಹುಳುಗಳನ್ನು ಸಂಗ್ರಹಿಸುವ ಹವ್ಯಾಸವಿತ್ತು, ಬೆಳಕು ಬೇಕಿತ್ತು! ಇಡೀ ದೇಶವಾಗಿ ಮೊದಲು ಜಾರಿಗೆ ತಂದದ್ದು ಜರ್ಮನಿ, 1916ರಲ್ಲಿ, ಮೊದಲ ಮಹಾಯುದ್ಧದ ಕಲ್ಲಿದ್ದಲು ಉಳಿಸಲು.

ಹುಡಗಿಯ ಲೆಕ್ಕ ಬೇರೆ. ಸುಮಾರು 17.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಸೀಮೆಯಲ್ಲಿ ಅತಿ ದೀರ್ಘ ಹಗಲು 13 ತಾಸು 10 ನಿಮಿಷ, ಅತಿ ಚಿಕ್ಕದು 11 ತಾಸು. ಎರಡಕ್ಕೂ ಹೆಚ್ಚು ಅಂತರವಿಲ್ಲ. ಉಳಿಸಲು ಇಲ್ಲಿ ಹಗಲಿನ ಗಂಟೇ ಇಲ್ಲ.

ಇನ್ನೂ ಒಂದು ಸೊಗಸಿದೆ. ಭಾರತದ ಪ್ರಮಾಣ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಹುಡಗಿ ಇರುವುದು ಸುಮಾರು 77 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಐದೂವರೆ ಡಿಗ್ರಿಗೆ 22 ನಿಮಿಷ. ಅಂದರೆ ಸರಾಸರಿಯಲ್ಲಿ ಇಲ್ಲಿ ಹೊತ್ತು ನೆತ್ತಿಗೆ ಬರುವಾಗ ಗೋಡೆಯ ಗಡಿಯಾರ 12.22 ತೋರಿಸುತ್ತದೆ. ಭೂಮಿಯ ಓರೆ ಮತ್ತು ಅದರ ದೀರ್ಘವೃತ್ತದ ದಾರಿಯಿಂದಾಗಿ ಇದು ಫೆಬ್ರುವರಿ ನಡುವೆ 12.36ರ ಹತ್ತಿರಕ್ಕೂ ನವೆಂಬರ್ ಮೊದಲ ವಾರದಲ್ಲಿ 12.06ರ ಹತ್ತಿರಕ್ಕೂ ಸರಿಯುತ್ತದೆ. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು, ನೆರಳು ಅತಿ ಗಿಡ್ಡವಾಗುವ ನಿಮಿಷವನ್ನು ಬರೆದುಕೊಂಡರೆ ಮಕ್ಕಳೇ ಇದನ್ನು ಕಂಡುಕೊಳ್ಳಬಹುದು. ಸೂರ್ಯನಿಗಿಂತ 22 ನಿಮಿಷ ಮುಂದಿರುವ ಗಡಿಯಾರವನ್ನು ಈ ಸೀಮೆಯವರು ವರ್ಷವಿಡೀ ಇಟ್ಟುಕೊಂಡಿದ್ದಾರೆ ಎಂದೂ ಹೇಳಬಹುದು. ಹುಮನಾಬಾದಿನ ಮೂಲಕ ಬೀದರ್–ಕಲಬುರಗಿ ರೈಲು ಓಡಲು ತೊಡಗಿದ್ದು 2017ರಲ್ಲಿ. ರೈಲಿನ ಗಡಿಯಾರ ಮಾತ್ರ ರೈಲಿಗಿಂತ ಎಷ್ಟೋ ದಶಕ ಮೊದಲೇ ಬಂದಿತ್ತು!

ಈಗ ನಿಯಮ ಹೀಗಿದೆ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರ 3ಕ್ಕೆ ಜಿಗಿಯುತ್ತದೆ. ನವೆಂಬರ್ ಮೊದಲ ಭಾನುವಾರ 2ರಿಂದ 1ಕ್ಕೆ ಹಿಂದೆ ಬರುತ್ತದೆ. ಹವಾಯಿ ಮತ್ತು ಅರಿಜೋನಾದ ಬಹುಭಾಗ ಇದಕ್ಕೆ ಹೊರತು. ಯೂರೋಪಿನ ಹೆಚ್ಚಿನ ದೇಶಗಳಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ. ಹೀಗಾಗಿ 2025ರಲ್ಲಿ ಅಮೆರಿಕ ಮಾರ್ಚ್ 9ರಂದು ಬದಲಾದರೆ ಲಂಡನ್ ಬದಲಾದದ್ದು 30ರಂದು. ನಡುವಿನ ಮೂರು ವಾರ ಆ ಎರಡು ಊರುಗಳ ನಡುವಿನ ಅಂತರವೇ ಬೇರೆಯಾಗಿತ್ತು. ದಕ್ಷಿಣ ಗೋಳಾರ್ಧದಲ್ಲಿ ಎಲ್ಲವೂ ತಿರುಗಾಮುರುಗಾ. ಆಸ್ಟ್ರೇಲಿಯಾಕ್ಕೆ ಸೇರಿದ ಲಾರ್ಡ್ ಹೋವ್ ಎಂಬ ಪುಟ್ಟ ದ್ವೀಪದಲ್ಲಂತೂ ಗಡಿಯಾರ ಸರಿಯುವುದು ಬರೀ ಅರ್ಧ ತಾಸು.

ಅಜ್ಜನ ಹುಟ್ಟಿದ ದಿನ

ಭಾರತದಲ್ಲಿ ಗಡಿಯಾರವನ್ನು ಮುಂದೆ ತಿರುಗಿಸಿದ್ದೇ ಇಲ್ಲ ಎನ್ನುವಂತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಪ್ರಮಾಣ ಸಮಯ ಗ್ರೀನ್‌ವಿಚ್‌ಗಿಂತ ಐದೂವರೆ ತಾಸಿನ ಬದಲು ಆರೂವರೆ ತಾಸು ಮುಂದಿತ್ತು. 'ಯುದ್ಧಕಾಲದ ಸಮಯ' ಎಂದು ಜಾತಕ ಬರೆಯುವವರು ಇಂದಿಗೂ ಇದನ್ನು ನೆನಪಿಟ್ಟಿದ್ದಾರೆ. ಆ ಅವಧಿಯಲ್ಲಿ ಹುಟ್ಟಿದವರ ಗಂಟೆಯಿಂದ ಒಂದು ತಾಸು ಕಳೆದೇ ಅವರು ಲೆಕ್ಕ ಹಿಡಿಯುವುದು. ಜಾತಕದ ಫಲ ಹೇಗಾದರೂ ಇರಲಿ, ಈ ಕಳೆಯುವ ಲೆಕ್ಕ ಮಾತ್ರ ಅಪ್ಪಟ ವಿಜ್ಞಾನ!

ಇದನ್ನು ನೆನಪಿಟ್ಟ ಇನ್ನೊಂದು ಕಡತವಿದೆ. ಜಗತ್ತಿನ ಹೆಚ್ಚಿನ ಮೊಬೈಲ್ ಹಾಗೂ ಸರ್ವರ್‌ಗಳ ಒಳಗೆ ಪ್ರತಿ ದೇಶದ ಸಮಯ ಎಂದೆಂದು ಹೇಗೆ ಬದಲಾಯಿತು ಎಂಬ ಒಂದು ಪಟ್ಟಿ ಅಡಗಿದೆ. 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಇದನ್ನು ಆರಂಭಿಸಿದರು. ಸ್ವಯಂಸೇವಕರು ಕಾಲಕಾಲಕ್ಕೆ ತಿದ್ದುತ್ತಾ ಬಂದರು. 2011ರಿಂದ ಅಂತರ್ಜಾಲದ ಹೆಸರು–ಸಂಖ್ಯೆಗಳನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಇದರ ಆಶ್ರಯದಾತ. ಈ ಪಟ್ಟಿಯಲ್ಲಿ ಭಾರತದ ಹೆಸರು 'ಏಷ್ಯಾ, ಕೋಲ್ಕತಾ'. ಬೆಂಗಳೂರನ್ನು ಹುಡುಕಿ ಸುಸ್ತಾಗಬೇಡಿ. ವಿಂಡೋಸ್‌ನ ಪಟ್ಟಿಯಲ್ಲೂ ಚೆನ್ನೈ, ಕೋಲ್ಕತಾ, ಮುಂಬೈ, ಹೊಸದಿಲ್ಲಿ ಎಂದಿದೆಯೇ ಹೊರತು ಕರ್ನಾಟಕದ ಊರು ಒಂದೂ ಇಲ್ಲ.

1943ರಲ್ಲಿ ಹುಡಗಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಮೈಸೂರು ಒಡೆಯರ ಸಂಸ್ಥಾನವಾಗಿತ್ತು. ಧಾರವಾಡ ಮುಂಬೈ ಪ್ರಾಂತದಲ್ಲಿತ್ತು. ಪಟ್ಟಿಗೆ ಈ ಭೇದವೆಲ್ಲ ಇಲ್ಲ, ಇಡೀ ಭಾರತಕ್ಕೆ ಒಂದೇ ಸಾಲು. ಹೀಗಾಗಿ ಯುದ್ಧಕಾಲದ ಆ ಒಂದು ತಾಸು ಹುಡಗಿಯ ಅಜ್ಜನ ದಾಖಲೆಯವರೆಗೂ ಬರುತ್ತದೆ. ಹೇಗೆಂದು ನೋಡೋಣ.

ಆ ಕಾಲದ ಎಷ್ಟೋ ಮಂದಿಯ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1. ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಿದ್ದರೆ ಮಾಸ್ತರರೇ ಬರೆದುಕೊಂಡ ದಿನ ಅದು. ಅಜ್ಜನ ಜನ್ಮದಿನ 1943ರ ಜೂನ್ 1 ಎನ್ನಿ. ಕಂಪ್ಯೂಟರಿನಲ್ಲಿ ಬರೀ ದಿನಾಂಕ ತುಂಬಿದರೂ ಕೆಲವು ತಂತ್ರಾಂಶಗಳು ಅದಕ್ಕೊಂದು ಗಂಟೆಯನ್ನು ತಾವಾಗಿ ಅಂಟಿಸುತ್ತವೆ, ರಾತ್ರಿ 12 ಎಂದು. ಆಮೇಲೆ ಅದನ್ನು ಗ್ರೀನ್‌ವಿಚ್ ಲೆಕ್ಕಕ್ಕೆ ಬದಲಿಸಿ ಇಟ್ಟುಕೊಳ್ಳುತ್ತವೆ. ಯುದ್ಧಕಾಲದ ನಿಯಮ ಬಲ್ಲ ತಂತ್ರಾಂಶ ಆರೂವರೆ ತಾಸು ಕಳೆಯುತ್ತದೆ. ಉತ್ತರ: ಮೇ 31ರ ಸಂಜೆ 5.30. ಇದೇ ಸಂಖ್ಯೆಯನ್ನು ಇನ್ನೊಂದು ಕಂಪ್ಯೂಟರ್ ಓದುತ್ತದೆ. ಅದಕ್ಕೆ ಯುದ್ಧವೂ ಗೊತ್ತಿಲ್ಲ, ಅಜ್ಜನೂ ಗೊತ್ತಿಲ್ಲ. ಭಾರತವೆಂದರೆ ಐದೂವರೆ ತಾಸು ಎಂದು ಕೂಡುತ್ತದೆ. ಮೇ 31ರ ರಾತ್ರಿ 11 ಗಂಟೆ! ಗಂಟೆಯನ್ನು ಪರದೆ ತೋರಿಸುವುದಿಲ್ಲ, ದಿನಾಂಕ ಮಾತ್ರ ತೋರಿಸುತ್ತದೆ. ಅಜ್ಜ ಒಂದು ದಿನ ಮೊದಲೇ, ಹಿಂದಿನ ತಿಂಗಳಲ್ಲಿ ಹುಟ್ಟಿಬಿಟ್ಟ.

ಒಂದು ದಿನ ತಾನೆ ಎನ್ನಬೇಡಿ. ಒಂದು ಕಾಗದದಲ್ಲಿ ಜೂನ್ 1, ಇನ್ನೊಂದರಲ್ಲಿ ಮೇ 31 ಇದ್ದರೆ ಎರಡೂ ಒಬ್ಬರದೇ ಎಂದು ಸಾಬೀತು ಮಾಡಲು ಮುದುಕರು ಎಷ್ಟು ಸಲ ಬಸ್ ಹತ್ತಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬರೆಯುವವರು ಐದೂವರೆ ಕಳೆದು, ಓದುವವರು ಆರೂವರೆ ಕೂಡಿದರೆ ಜೂನ್ 1ರ ನಸುಕಿನ 1 ಗಂಟೆ ಬರುತ್ತದೆ. ದಿನ ಬದಲಾಗದು, ತಪ್ಪು ಅಡಗಿಯೇ ಇರುತ್ತದೆ. ಆದ್ದರಿಂದಲೇ ಇಂಥ ದೋಷ ಕೆಲವರ ದಾಖಲೆಯಲ್ಲಿ ಕಂಡು, ಕೆಲವರದರಲ್ಲಿ ಕಾಣದೆ ದುರಸ್ತಿ ಮಾಡುವವರನ್ನು ಸತಾಯಿಸುತ್ತದೆ. 1942ರಿಂದ 45ರ ನಡುವೆ ಹುಟ್ಟಿದವರದು ಮಾತ್ರ ತಪ್ಪಿ, 1946ರಲ್ಲಿ ಹುಟ್ಟಿದವರದು ಸರಿಯಿದ್ದರೆ ಕಾರಣ ಇಲ್ಲಿದೆ ಎಂದು ಊಹಿಸಬಹುದು. ಮದ್ದು ಸರಳ: ಹುಟ್ಟಿದ ದಿನವನ್ನು ದಿನವೆಂದೇ ಇಡಬೇಕು, ಅದಕ್ಕೆ ಗಂಟೆಯ ಬಾಲ ಕಟ್ಟಬಾರದು. ಕಂಪ್ಯೂಟರ್ ವಿಜ್ಞಾನ ಓದುವ ಮಕ್ಕಳು ಈ ಮಾತನ್ನು ಪುಸ್ತಕದ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಲಿ.

ಬೆಂಗಳೂರಿಗೆ ಬಂದ 2007ರ ಮಾರ್ಚ್

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ಕೇಂದ್ರ ತೆರೆದಾಗಿನಿಂದ ಕರ್ನಾಟಕದ ಯುವಜನರ ಒಂದು ಕಣ್ಣು ಸದಾ ಅಮೆರಿಕದ ಗಡಿಯಾರದ ಮೇಲೆ. ಬೀದರ್ ಜಿಲ್ಲೆಯಿಂದ ಹೋಗಿ ಅಲ್ಲಿ ದುಡಿಯುವ ಮಗ ನವೆಂಬರಿನಲ್ಲಿ ಮನೆಗೆ ಫೋನ್ ಮಾಡಿ, "ಯಪ್ಪಾ, ಇನ್ನ ಮ್ಯಾಲ ನನ್ನ ಶಿಫ್ಟ್ ಒಂದು ತಾಸು ತಡಾ ಆಗ್ತದ" ಎಂದರೆ ಅದು ಕಂಪನಿಯವರ ಲಹರಿಯಲ್ಲ. ಅಲ್ಲಿ ಬೇಸಿಗೆ ಸಮಯ ಮುಗಿದಿದೆ, ಅಷ್ಟೆ.

ಅಮೆರಿಕದಲ್ಲಿ 2006ರವರೆಗೆ ಗಡಿಯಾರ ಬದಲಾಗುತ್ತಿದ್ದುದು ಏಪ್ರಿಲ್ ಮೊದಲ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. 2005ರ ಆಗಸ್ಟಿನಲ್ಲಿ ಅಲ್ಲಿ ಹೊಸ ಇಂಧನ ಕಾನೂನು ಬಂದು, 2007ರಿಂದ ಬೇಸಿಗೆ ಸಮಯವನ್ನು ಹಿಂದೆ ಮುಂದೆ ಎಳೆದು ಉದ್ದ ಮಾಡಿತು. ಜನರಿಗೆ ಹೇಳುವುದು ಸುಲಭ, ಪತ್ರಿಕೆಯಲ್ಲಿ ಪ್ರಕಟಿಸಿದರಾಯಿತು. ಹಳೆಯ ನಿಯಮವನ್ನು ಹೊಟ್ಟೆಯಲ್ಲಿಟ್ಟುಕೊಂಡ ಲಕ್ಷಾಂತರ ಯಂತ್ರಗಳಿಗೆ ಯಾರು ಹೇಳಬೇಕು? ಮಾರ್ಚ್ 11ರಿಂದ ಏಪ್ರಿಲ್ 1ರವರೆಗಿನ ಮೂರು ವಾರ ಮತ್ತು ಅಕ್ಟೋಬರ್ 28ರಿಂದ ನವೆಂಬರ್ 4ರವರೆಗಿನ ಒಂದು ವಾರ, ತಿದ್ದದ ಪ್ರತಿ ಕಂಪ್ಯೂಟರೂ ಒಂದು ತಾಸು ತಪ್ಪು ಹೇಳುವುದು ಖಚಿತವಾಗಿತ್ತು.

1999ರ ವೈಟುಕೆ ಗಲಾಟೆಯನ್ನು ಕಂಡಿದ್ದವರು ಇದನ್ನು ಅದರ ತಮ್ಮ ಎಂದು ಕರೆದರು. ಅಮೆರಿಕದ ಗ್ರಾಹಕರ ಯಂತ್ರಗಳನ್ನು ದೂರದಿಂದ ನೋಡಿಕೊಳ್ಳುತ್ತಿದ್ದ ಭಾರತದ ಕಂಪನಿಗಳ ಪಾಲಿಗೂ ಈ ಕೆಲಸ ಬಂತು. ಕಾರ್ಯಾಚರಣೆ ವ್ಯವಸ್ಥೆಗೆ ಒಂದು ತೇಪೆ, ಜಾವಾ ಭಾಷೆಗೆ ಇನ್ನೊಂದು, ಸಭೆಗಳ ಕ್ಯಾಲೆಂಡರಿಗೆ ಮತ್ತೊಂದು. ಏಕೆಂದರೆ ಇವು ಮೂರೂ ತಂತಮ್ಮ ಪಟ್ಟಿಯನ್ನು ಬೇರೆ ಬೇರೆ ಇಟ್ಟುಕೊಂಡಿದ್ದವು. ಒಂದೇ ಮನೆಯಲ್ಲಿ ಮೂವರು ಮೂರು ಪಂಚಾಂಗ ನೋಡಿದ ಹಾಗೆ! ವಿಂಡೋಸ್ 2000ಕ್ಕೆ ಆಗಲೇ ಸಾಮಾನ್ಯ ಬೆಂಬಲ ಮುಗಿದಿದ್ದರಿಂದ ಅದಕ್ಕೆ ಪುಕ್ಕಟೆ ತೇಪೆ ಸಿಗಲಿಲ್ಲ, ಕೈಯಿಂದ ತಿದ್ದಬೇಕಾಯಿತು. ಅತಿ ಹೆಚ್ಚು ಗೊಂದಲವಾದದ್ದು ಕ್ಯಾಲೆಂಡರಿನಲ್ಲಿ. ತೇಪೆ ಹಾಕುವ ಮೊದಲು ಗುರುತು ಮಾಡಿದ ಸಭೆ ತೇಪೆಯ ಬಳಿಕ ಒಂದು ತಾಸು ಸರಿದು ಕುಳಿತಿರುತ್ತಿತ್ತು. ಯಂತ್ರವನ್ನು ತಿದ್ದಿದರೆ ಸಾಲದು, ಅದು ಆಗಲೇ ಬರೆದಿಟ್ಟದ್ದನ್ನೂ ತಿದ್ದಬೇಕು.

ಪೆಟ್ಟಿಗೆಯೊಳಗಿನ ಗಡಿಯಾರ

ಇಲ್ಲಿಂದ ಮುಂದೆ ಮನೆಯ ಕಂಪ್ಯೂಟರಿನ ಮಾತು. ಅದರೊಳಗೆ ಚಿಕ್ಕದೊಂದು ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಇದು. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡ್ ಸಿಗಲೆಂದೇ ಈ ಆಯ್ಕೆ. ಯಂತ್ರ ಬಂದ್ ಇದ್ದಾಗಲೂ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿಯೊಂದು ಇದನ್ನು ನಡೆಸುತ್ತಿರುತ್ತದೆ. ಇದೇನೂ ಪರಮಾಣು ಗಡಿಯಾರವಲ್ಲ. ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಹೆಚ್ಚುಕಡಿಮೆ ಒಂದು ನಿಮಿಷ ಆಚೀಚೆಯಾಗುತ್ತದೆ. ಆದ್ದರಿಂದ ಅಂತರ್ಜಾಲ ಸಿಕ್ಕಾಗ ಕಂಪ್ಯೂಟರ್ ದೊಡ್ಡ ಗಡಿಯಾರಗಳನ್ನು ಕೇಳಿ ತನ್ನನ್ನು ತಿದ್ದಿಕೊಳ್ಳುತ್ತದೆ. ಭಾರತದ ಪ್ರಮಾಣ ಸಮಯವನ್ನು ಪರಮಾಣು ಗಡಿಯಾರಗಳಿಂದ ಕಾಯುವುದು ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ.

ಮುಖ್ಯ ಸಂಗತಿ ಇದು: ಕಂಪ್ಯೂಟರ್ ಒಳಗೊಳಗೇ ಎಣಿಸುವುದು ಜಗತ್ತಿಗೆಲ್ಲ ಒಂದೇ ಆದ ಸಮಯವನ್ನು. ಅದಕ್ಕೆ ಯುಟಿಸಿ ಎಂದು ಹೆಸರು. ಹಳೆಯ ಗ್ರೀನ್‌ವಿಚ್ ಸಮಯದ ಉತ್ತರಾಧಿಕಾರಿ. ಪರದೆಯ ಮೂಲೆಯಲ್ಲಿ ಕಾಣುವ ಗಂಟೆ ಬರೀ ವೇಷ. ಯುಟಿಸಿಗೆ ಊರಿನ ನಿಯಮ ಕೂಡಿಸಿ ತೋರಿಸುವ ವೇಷ. ಈ ಊರಿನ ನಿಯಮಕ್ಕೆ ಟೈಮ್ ಝೋನ್ ಅಥವಾ ಕಾಲವಲಯ ಎನ್ನುತ್ತಾರೆ.

ಈಗ ಒಂದು ಪ್ರಸಂಗ ಊಹಿಸಿಕೊಳ್ಳಿ. ಶಾಲೆಗೆ ಹೊಸ ಕಂಪ್ಯೂಟರ್ ಬಂದಿದೆ. ವಿಂಡೋಸ್ ತುಂಬಿದವರು ಅವಸರದಲ್ಲಿ ಕಾಲವಲಯವನ್ನು ಮುಟ್ಟದೆ ಬಿಟ್ಟರು. ಮುಟ್ಟದಿದ್ದರೆ ಅದು ಬಹಳ ಸಲ ಅಮೆರಿಕದ ಪಶ್ಚಿಮ ತೀರದ ವಲಯದಲ್ಲೇ, ಅಂದರೆ ಮೈಕ್ರೊಸಾಫ್ಟ್ ಕಂಪನಿಯ ತವರಿನಲ್ಲೇ, ಉಳಿದುಬಿಡುತ್ತದೆ. ಗಂಟೆ ತಪ್ಪಿದೆಯಲ್ಲ ಎಂದು ಯಾರೋ ಕೈಯಿಂದ ಮುಳ್ಳು ತಿರುಗಿಸಿ ನಮ್ಮ ಸಮಯ ಇಟ್ಟರು. ಎಲ್ಲ ಸರಿಹೋದಂತೆ ಕಂಡಿತು. ಮಾರ್ಚ್ ಎರಡನೇ ಭಾನುವಾರ ಕಳೆದು ಸೋಮವಾರ ನೋಡಿದರೆ ಗಡಿಯಾರ ಒಂದು ತಾಸು ಮುಂದೆ! ಮತ್ತೆ ಕೈಯಿಂದ ಹಿಂದಿಟ್ಟರು. ನವೆಂಬರಿನಲ್ಲಿ ಒಂದು ತಾಸು ಹಿಂದೆ. ಇಡೀ ವರ್ಷ ಸುಮ್ಮನಿದ್ದು ಎರಡು ದಿನ ಮಾತ್ರ ಕುಣಿಯುವ ಈ ಗಡಿಯಾರಕ್ಕೆ ಭೂತ ಹಿಡಿದಿಲ್ಲ. ಅದು ಪಾಪ, ತಾನು ಸಿಯಾಟಲ್‌ನಲ್ಲಿದ್ದೇನೆ ಎಂದು ನಂಬಿ ಅಲ್ಲಿನ ಕಾನೂನು ಪಾಲಿಸುತ್ತಿದೆ.

ಮುಳ್ಳು ತಿರುಗಿಸಿದ್ದರಿಂದ ಇನ್ನೊಂದು ಕೆಡುಕೂ ಆಗಿದೆ. ಚಳಿಗಾಲದಲ್ಲಿ ಪಶ್ಚಿಮ ತೀರಕ್ಕೂ ನಮಗೂ 13 ತಾಸು 30 ನಿಮಿಷ ಅಂತರ. ಹೊರಗೆ ನಮ್ಮ ಬೆಳಗಿನ 10 ತೋರಿಸುವ ಆ ಯಂತ್ರ ಒಳಗೆ ಯುಟಿಸಿಯನ್ನು ಹದಿಮೂರೂವರೆ ತಾಸು ಮುಂದೆ ತಳ್ಳಿಕೊಂಡಿರುತ್ತದೆ. ಅದರಿಂದ ಹೊರಟ ಇಮೇಲ್ ನಾಳಿನಿಂದ ಬಂದಂತೆ ಕಾಣಬಹುದು. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರದ ಅವಧಿಯನ್ನು ಬ್ರೌಸರ್ ಯಂತ್ರದ ಗಡಿಯಾರಕ್ಕೆ ಹೋಲಿಸುವುದರಿಂದ ಅದು ಬಹಳ ತಪ್ಪಿದ್ದರೆ ಪುಟ ತೆರೆಯುವುದಿಲ್ಲ. ಖಾತೆಯ ರಕ್ಷಣೆಗೆಂದು 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಗುಪ್ತಸಂಖ್ಯೆ ತೋರಿಸುವ ತಂತ್ರಾಂಶಗಳಿವೆಯಲ್ಲ, ಅವು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಆ ಸಂಖ್ಯೆ ಕಟ್ಟುತ್ತವೆ. ಯುಟಿಸಿ ತಪ್ಪಿದರೆ ಸಂಖ್ಯೆಯೂ ತಪ್ಪು. ಪರದೆಯ ಗಂಟೆ ಸರಿಯಾಗೇ ಇದೆ, ಆದರೂ ಖಾತೆ ತೆರೆಯದು! ಅರ್ಜಿಯ ಕೊನೆಯ ದಿನ ಹೀಗಾದರೆ ಗತಿ?

ಆದ್ದರಿಂದ ಮೊದಲು ಕಾಲವಲಯ, ಆಮೇಲೆ ಗಂಟೆ. ಈ ಕ್ರಮ ತಪ್ಪಬಾರದು. ಗಂಟೆಯನ್ನು ಕೈಯಿಂದ ಇಡುವ ಬದಲು ಅಂತರ್ಜಾಲದಿಂದ ತಾನಾಗಿ ಪಡೆಯುವಂತೆ ಬಿಡುವುದೇ ಲೇಸು.

ತಪ್ಪಿನ ಅಳತೆ

ಜ್ವರ ಅಳೆಯದೆ ಔಷಧ ಕೊಡುವ ವೈದ್ಯರಿಲ್ಲ. ಗಡಿಯಾರ ಎಷ್ಟು ತಪ್ಪಿದೆ ಎಂದು ಮೊದಲು ಅಳೆದರೆ ಕಾರಣ ಮುಕ್ಕಾಲುಪಾಲು ಅಲ್ಲೇ ಸಿಗುತ್ತದೆ.

ಸರಿಯಾಗಿ ಒಂದು ತಾಸು ತಪ್ಪಿದ್ದರೆ ಬೇಸಿಗೆ ಸಮಯದ ನಿಯಮವೇ ಕಾರಣ ಎಂದು ಶಂಕಿಸಿ. ಕಾಲವಲಯ ಬೇರೆ ದೇಶದ್ದಿರಬಹುದು, ಇಲ್ಲವೇ ಪಟ್ಟಿ ಹಳೆಯದಿರಬಹುದು. ಭಾರತದ ವಲಯ ಆರಿಸಿದರೆ ಬೇಸಿಗೆ ಸಮಯಕ್ಕೆ ತಾನಾಗಿ ಹೊಂದಿಕೊಳ್ಳುವ ಆಯ್ಕೆಗೆ ಕೆಲಸವೇ ಇರುವುದಿಲ್ಲ.

ಹದಿಮೂರೂವರೆ ಅಥವಾ ಹನ್ನೆರಡೂವರೆ ತಾಸು ಹಿಂದಿದ್ದರೆ ಅಮೆರಿಕದ ಪಶ್ಚಿಮ ತೀರ. ಹತ್ತೂವರೆ ಅಥವಾ ಒಂಬತ್ತೂವರೆ ಆದರೆ ಪೂರ್ವ ತೀರ. ಎರಡೆರಡು ಸಂಖ್ಯೆ ಏಕೆಂದರೆ ಮೊದಲನೆಯದು ಚಳಿಗಾಲದ್ದು, ಎರಡನೆಯದು ಬೇಸಿಗೆಯದು. ಬರೀ ಹದಿನೈದು ನಿಮಿಷ ಮುಂದಿದ್ದರೆ? ಯಾರೋ ನೇಪಾಳ ಆರಿಸಿದ್ದಾರೆ, ಅವರದು ಐದೂಮುಕ್ಕಾಲು.

ಸರಿಯಾಗಿ ಐದೂವರೆ ತಾಸಿನ ತಪ್ಪು ಕಾಲೇಜು ವಿದ್ಯಾರ್ಥಿಗಳಿಗೆ ಬಹಳ ಪರಿಚಿತ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರ ಕಾಯಿಲೆ ಇದು. ಬ್ಯಾಟರಿಯ ಗಡಿಯಾರದಲ್ಲಿ ಲಿನಕ್ಸ್ ಸಾಮಾನ್ಯವಾಗಿ ಯುಟಿಸಿಯನ್ನು ಬರೆದಿಡುತ್ತದೆ. ವಿಂಡೋಸ್ ಅದನ್ನೇ ಊರಿನ ಸಮಯ ಎಂದು ಓದುತ್ತದೆ. ಲಿನಕ್ಸ್‌ನಲ್ಲಿ ಕೆಲಸ ಮಾಡಿ ವಿಂಡೋಸ್‌ಗೆ ಬಂದರೆ ಐದೂವರೆ ತಾಸು ಹಿಂದೆ, ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋದರೆ ಐದೂವರೆ ತಾಸು ಮುಂದೆ. ಇಬ್ಬರಲ್ಲಿ ಒಬ್ಬರು ಮತ್ತೊಬ್ಬರ ಪದ್ಧತಿಗೆ ಒಪ್ಪುವಂತೆ ಮಾಡುವುದೇ ಪರಿಹಾರ. ಇದನ್ನು ಬೇಸಿಗೆ ಸಮಯವಿರುವ ದೇಶದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಒಯ್ಯಿರಿ: ಒಂದೇ ಪೆಟ್ಟಿಗೆಯ ಎರಡು ವ್ಯವಸ್ಥೆಗಳು ಬ್ಯಾಟರಿ ಗಡಿಯಾರದಲ್ಲಿ ಊರಿನ ಸಮಯವನ್ನೇ ಇಟ್ಟುಕೊಂಡಿದ್ದರೆ, ಮಾರ್ಚ್ ಬಂದಾಗ ಮೊದಲನೆಯದು ಒಂದು ತಾಸು ಮುಂದಿಡುತ್ತದೆ, ಅದನ್ನರಿಯದ ಎರಡನೆಯದು ಇನ್ನೊಂದು ತಾಸು ಮುಂದಿಡುತ್ತದೆ.

ವರ್ಷವೇ ತಪ್ಪಾಗಿ, ದಿನಾಂಕ ಯಾವುದೋ ಹಳೆಯ ಜನವರಿ 1ಕ್ಕೆ ಹೋಗಿದ್ದರೆ ಬ್ಯಾಟರಿ ಸತ್ತಿದೆ. ಕೆಲವು ಸೆಕೆಂಡ್ ಅಥವಾ ನಿಮಿಷಗಳ ತಪ್ಪಾದರೆ ಸ್ಫಟಿಕದ ಸಹಜ ಅಲೆದಾಟ. ಇವೆರಡಕ್ಕೂ ಕಾಲವಲಯಕ್ಕೂ ಸಂಬಂಧವಿಲ್ಲ.

ಇಲ್ಲದ ತಾಸು, ಎರಡು ಸಲ ಬರುವ ತಾಸು

ಬೇಸಿಗೆ ಸಮಯದ ನಿಜವಾದ ಚೇಷ್ಟೆ ಕಾಣುವುದು ಬದಲಾವಣೆಯ ಆ ನಸುಕಿನಲ್ಲಿ. ನ್ಯೂಯಾರ್ಕಿನಲ್ಲಿ ಮಾರ್ಚ್ ಎರಡನೇ ಭಾನುವಾರ 2.30 ಎಂಬ ಗಂಟೆಯೇ ಇಲ್ಲ. 1.59ರ ಬಳಿಕ 3. ಆ ಯಂತ್ರಕ್ಕೆ ದಿನವೂ 2.30ಕ್ಕೆ ಕಡತಗಳ ನಕಲು ತೆಗೆ ಎಂದು ಹೇಳಿಟ್ಟಿದ್ದರೆ ಏನು ಮಾಡೀತು? ಕೆಲವು ಬಿಟ್ಟೇಬಿಡುತ್ತವೆ, ಕೆಲವು 3ಕ್ಕೆ ಮಾಡುತ್ತವೆ. ನವೆಂಬರಿನಲ್ಲಿ 1.30 ಎರಡು ಸಲ ಬರುತ್ತದೆ. ಎಚ್ಚರ ತಪ್ಪಿದರೆ ಒಂದೇ ಕೆಲಸ ಎರಡು ಸಲ ನಡೆಯುತ್ತದೆ. ಅದು ಹಣ ವರ್ಗಾಯಿಸುವ ಕೆಲಸವಾಗಿದ್ದರೆ ಎಂದು ಯೋಚಿಸಿ. ನ್ಯೂಯಾರ್ಕಿನ ಮಾರ್ಚ್ ನಸುಕಿನ 2 ಎಂದರೆ ನಮ್ಮ ಭಾನುವಾರದ ಮಧ್ಯಾಹ್ನ 12.30. ಬೆಂಗಳೂರಿನಲ್ಲಿ ಅಂಥ ಯಂತ್ರ ಕಾಯುವವರು ಆ ದಿನದ ಊಟವನ್ನು ಕಂಪ್ಯೂಟರ್ ಮುಂದೆಯೇ ಮಾಡಬೇಕಾಗುತ್ತದೆ. ಇದೇ ಕಾರಣಕ್ಕೆ ಅನುಭವಿಗಳು ಸರ್ವರ್‌ಗಳನ್ನು ಯುಟಿಸಿಯಲ್ಲೇ ಇಡುತ್ತಾರೆ. ಯುಟಿಸಿಯಲ್ಲಿ ಇಲ್ಲದ ತಾಸಿಲ್ಲ, ಎರಡು ಸಲ ಬರುವ ತಾಸೂ ಇಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2010ರಲ್ಲಿ ಯೂರೋಪಿನ ಗಡಿಯಾರಗಳು ಹಿಂದೆ ಬಂದಾಗ ಐಫೋನ್‌ಗಳ ಪರದೆ ಸರಿಯಾದ ಗಂಟೆ ತೋರಿಸಿದರೂ ಪ್ರತಿದಿನ ಬಡಿಯುವ ಅಲಾರಾಂ ಒಂದು ತಾಸು ತಡವಾಗಿ ಬಡಿಯಿತು. ಒಂದೇ ಯಂತ್ರದೊಳಗೆ ಗಡಿಯಾರಕ್ಕೆ ಗೊತ್ತಾದದ್ದು ಅಲಾರಾಂಗೆ ಗೊತ್ತಾಗಿರಲಿಲ್ಲ.

ಸರಕಾರದ ಮನಸ್ಸು

ಗ್ರಹಣದ ಗಳಿಗೆಯನ್ನು ನೂರು ವರ್ಷ ಮೊದಲೇ ಹೇಳಬಹುದು, ಸರಕಾರದ ಮನಸ್ಸನ್ನು ಹೇಳಲಾಗದು. 2023ರ ಮಾರ್ಚಿನಲ್ಲಿ ಲೆಬನಾನ್ ಸರಕಾರ ಬೇಸಿಗೆ ಸಮಯವನ್ನು ರಂಜಾನ್ ಮುಗಿಯುವವರೆಗೆ ಮುಂದೂಡುತ್ತೇವೆ ಎಂದು ಎರಡು–ಮೂರು ದಿನ ಮೊದಲಷ್ಟೇ ಘೋಷಿಸಿತು. ಕೆಲವರು ಒಪ್ಪಿದರು, ಕೆಲವರು ಹಳೆಯ ನಿಯಮವೇ ಸರಿ ಎಂದು ಮುಳ್ಳು ತಿರುಗಿಸಿದರು. ಕೆಲವು ದಿನ ಒಂದೇ ದೇಶದಲ್ಲಿ ಎರಡು ಗಂಟೆ! ಅಷ್ಟು ಬೇಗ ಪಟ್ಟಿ ತಿದ್ದಿ ಎಲ್ಲ ಮೊಬೈಲ್‌ಗಳಿಗೆ ಮುಟ್ಟಿಸಲು ಯಾರಿಂದ ಸಾಧ್ಯ? ಕೊನೆಗೆ ಸರಕಾರವೇ ಹಿಂದೆ ಸರಿಯಿತು. 2022ರಲ್ಲಿ ಮೆಕ್ಸಿಕೊ ತನ್ನ ಬಹುಭಾಗದಲ್ಲಿ ಬೇಸಿಗೆ ಸಮಯವನ್ನು ಕೈಬಿಟ್ಟಿತು, 2023ರಲ್ಲಿ ಈಜಿಪ್ಟ್ ಮತ್ತೆ ಕೈಗೆತ್ತಿಕೊಂಡಿತು. ಇದನ್ನೇ ನಿಲ್ಲಿಸಬೇಕೆಂದು ಯೂರೋಪಿನ ಸಂಸತ್ತು 2019ರಲ್ಲಿ, ಅಮೆರಿಕದ ಸೆನೆಟ್ 2022ರಲ್ಲಿ ಮತ ಹಾಕಿದರೂ ಅಲ್ಲಿಗೇ ನಿಂತಿತು.

ಇದರಿಂದ ಹುಡಗಿಯ ಮನೆಗೆ ಏನು? ತಂತ್ರಾಂಶ ನವೀಕರಿಸಿ ಎಂದು ಮೊಬೈಲ್ ಕೇಳಿದಾಗ 'ಆಮೇಲೆ' ಎಂದು ಒತ್ತುವವರೇ ಹೆಚ್ಚು. ಆ ನವೀಕರಣದಲ್ಲಿ ಹೊಸ ಬಣ್ಣ ಚಿತ್ರಗಳ ಜೊತೆ ಇಂಥ ಪಟ್ಟಿಯೂ ಇರುತ್ತದೆ. ತಯಾರಕರು ಕೈಬಿಟ್ಟ ಹಳೆಯ ಫೋನಿನಲ್ಲಿ ಭಾರತದ ಗಂಟೆ ಎಂದೂ ತಪ್ಪದು, ಮಗಳು ಇರುವ ದೇಶದ ಗಂಟೆ ತಪ್ಪಬಹುದು.

ಸಂದರ್ಶನ ತಪ್ಪಿಸಿಕೊಂಡ ಹುಡುಗನಂಥವರಿಗೆ ಒಂದೆರಡು ಮಾತು ಉಳಿದಿವೆ. ದೂರದೇಶದ ಭೇಟಿಯನ್ನು ಕ್ಯಾಲೆಂಡರಿನಲ್ಲಿ ಬರೆಯುವಾಗ ತಾವೇ ಲೆಕ್ಕ ಮಾಡಿದ ಸಂಜೆ 7.30 ಎಂದು ಬರೆಯದೆ, 'ನ್ಯೂಯಾರ್ಕ್, ಬೆಳಿಗ್ಗೆ 9' ಎಂದು ಊರಿನ ಹೆಸರಿನೊಡನೆ ತುಂಬಬೇಕು. ಮೊಬೈಲ್ ಕ್ಯಾಲೆಂಡರಿನಲ್ಲಿ ಕಾಲವಲಯ ಆರಿಸುವ ಜಾಗ ಇದಕ್ಕೆಂದೇ ಇದೆ. ಕೂಡುವ ಕಳೆಯುವ ಕೆಲಸ ಆ ದಿನದ ನಿಯಮ ನೋಡಿ ಯಂತ್ರವೇ ಮಾಡಿಕೊಳ್ಳಲಿ. ಹಿಂದಿನ ದಿನ ಒಮ್ಮೆ ಆ ಊರಿನ ಈಗಿನ ಗಂಟೆ ಎಷ್ಟು ಎಂದು ನೋಡಿ ತಾಳೆ ಹಾಕಿಕೊಳ್ಳಬೇಕು.

ಪತ್ರದಲ್ಲಿ ಬರುವ ಮೂರಕ್ಷರದ ಸಂಕ್ಷೇಪಗಳನ್ನು ನಂಬಿ ಕೂಡಬಾರದು. ಪೂರ್ವ ತೀರದ ಚಳಿಗಾಲದ ಸಮಯ 'ಇಎಸ್‌ಟಿ', ಬೇಸಿಗೆಯದು 'ಇಡಿಟಿ'. ಅಮೆರಿಕದವರೇ ಜುಲೈ ತಿಂಗಳಲ್ಲಿ 'ಇಎಸ್‌ಟಿ' ಎಂದು ಬರೆದುಬಿಡುತ್ತಾರೆ. ನಮ್ಮ 'ಐಎಸ್‌ಟಿ'ಯ ಕಥೆ ಇನ್ನೂ ಕಷ್ಟದ್ದು. ಇಸ್ರೇಲಿನವರ ಪ್ರಮಾಣ ಸಮಯಕ್ಕೂ ಅದೇ ಹೆಸರು, ಐರ್ಲೆಂಡಿನವರ ಬೇಸಿಗೆಯ ಸಮಯಕ್ಕೂ ಅದೇ ಹೆಸರು. ಡಬ್ಲಿನ್ ನಗರದ ಕಾಲೇಜೊಂದು 'ಮೇ 5, ಬೆಳಿಗ್ಗೆ 10, ಐಎಸ್‌ಟಿ' ಎಂದು ಬರೆದರೆ ಹುಡಗಿಯಲ್ಲಿ ಕ್ಯಾಮೆರಾ ಹಚ್ಚಿ ಕೂಡಬೇಕಾದದ್ದು ಮಧ್ಯಾಹ್ನ 2.30ಕ್ಕೆ. ಅನುಮಾನ ಬಂದರೆ 'ಇದು ಯುಟಿಸಿಯಲ್ಲಿ ಎಷ್ಟು ಗಂಟೆ?' ಎಂದು ಒಂದು ಸಾಲು ಮರಳಿ ಬರೆದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಉತ್ತರ ಬಂದ ಮೇಲೆ ಅದಕ್ಕೆ ಐದೂವರೆ ಕೂಡಿದರಾಯಿತು. ಆ ಐದೂವರೆ ಮಾರ್ಚಿನಲ್ಲೂ ಅದೇ, ನವೆಂಬರಿನಲ್ಲೂ ಅದೇ.